ಒಳ್ಳೆ ಮನೆ ಬೇಕಾಗಿದೆ, ನಮ್ಮದು ಬಿಟ್ಟು

ಪರಿಚಯದವರೊಬ್ಬರು ಮೊನ್ನೆ ಮನೆಗೆ ಬಂದರು. ಜೊತೆಗೊಂದು ನಾಯಿ. 5 ವರ್ಷ ದಾಟಿದ ಲ್ಯಾಬ್ರಡಾರ್, ಹತ್ತಿರ ಹತ್ತಿರ 35 ಕೆಜಿ. ಹಾಗಾಗಿ ಅವರು ನಾಯಿಯನ್ನು ಕರೆತಂದರು ಅನ್ನುವುದಕ್ಕಿಂತ ನಾಯಿಯೇ ಅವರನ್ನು ಎಳೆದು ತಂದಿತು ಅಂದರೆ ಸರಿ. ಹೆಸರು ಬ್ರೂನೋ. ಒಳಗೆ ಬಂದವನೇ ಮೂಲೆ ಮೂಲೆ ಮೂಸಿದ, ಚಪ್ಪಲಿ ಮೂಸಿದ, ನನ್ನನ್ನೂ ಮೂಸಿದ, ಪರವಾಗಿಲ್ಲ ಅನ್ನಿಸಿರಬೇಕು, ನನ್ನ ಪಾದದ ಮೇಲೇ ಕೂತುಬಿಟ್ಟ. ಲ್ಯಾಬ್ರಡಾರ್ ಪಾದದ ಮೇಲೆ ಕೂತ ಮೇಲೆ ಎದ್ದು ಹೋಗುವ ಸ್ವಾತಂತ್ರ್ಯ ನಮಗಿರುವುದಿಲ್ಲ. ಮುಂದಿನ ಮಾತುಕತೆ ಎಲ್ಲ ಹಾಗೇ ನಡೆಯಿತು.

"ಸಾರ್, ನೀವು ಬರೀತೀರಲ್ಲ, ಇವನಿಗೊಂದು ನಾಲ್ಕು ಸಾಲು ಬರೆದುಕೊಡಿ. ಓದಿದವರು ಓಡಿ ಬಂದು ಕರ್ಕೊಂಡು ಹೋಗ್ಬೇಕು, ಹಾಗಿರಲಿ."

"ಯಾಕೆ ಕೊಡ್ತಾ ಇದ್ದೀರಿ?"

"ಮನೆ ಬದಲಾಯಿಸ್ತಾ ಇದ್ದೀವಿ."

ಈ ಉತ್ತರ ಬರುತ್ತದೆ ಅಂತ ಗೊತ್ತಿತ್ತು. ನಾಯಿ ಕೊಡುವವರ ಪೋಸ್ಟ್ ಓದುವುದು ನನಗೊಂದು ಚಟ. ಅದರಲ್ಲಿ ಇರುವುದು ನಾಲ್ಕೇ ಕಾರಣ: ಮನೆ ಬದಲಾವಣೆ, ಅಲರ್ಜಿ, ಮಗು, ಟೈಮ್ ಇಲ್ಲ. ಮನೆ ಬದಲಾಯಿಸುವಾಗ ಕಾಲು ಮುರಿದ ಕುರ್ಚಿ ಬರುತ್ತದೆ, ಯಾವ ಬೀಗಕ್ಕೂ ಕೂರದ ಬೀಗದಕೈಗಳ ಗೊಂಚಲು ಬರುತ್ತದೆ, 10 ವರ್ಷದಿಂದ ಬಿಚ್ಚದ ರಟ್ಟಿನ ಡಬ್ಬಿಯೂ ಹಾಗೇ ಬಿಚ್ಚದೆ ಬರುತ್ತದೆ. ನಾಯಿಗೆ ಮಾತ್ರ ಲಾರಿಯಲ್ಲಿ ಜಾಗ ಸಾಲುವುದಿಲ್ಲ.

"ಹೊಸ ಮನೆಯ ಓನರ್ ನಾಯಿ ಬೇಡ ಅಂದ್ರಾ?"

"ಇಲ್ಲ ಇಲ್ಲ, ಸ್ವಂತ ಮನೆ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮನೆಯವಳಿಗೆ ಅಲರ್ಜಿ ಸಾರ್."

"5 ವರ್ಷದಿಂದಲೂ?"

"ಈಗ ಜಾಸ್ತಿ ಆಗಿದೆ. ಹೊಸ ಸೋಫಾ ಬೇರೆ ತಂದಿದ್ದೀವಿ."

ಅಲರ್ಜಿ ಯಾರಿಗೆ ಅಂತ ಗೊತ್ತಾಯಿತು. ಸೋಫಾಗೆ.

ಹಾಗಂತ ನಾಯಿ ಕೊಡುವವರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಸಾಕಿದವರು ತೀರಿಕೊಂಡಿರುತ್ತಾರೆ, ಕಾಯಿಲೆ ಬಿದ್ದಿರುತ್ತಾರೆ, ಕೆಲಸ ಹೋಗಿ ತಮಗೇ ನೆಲೆ ಇಲ್ಲದಂತಾಗಿರುತ್ತದೆ. ಅಂಥವರ ಪೋಸ್ಟ್ ಎಲ್ಲಿದ್ದರೂ ಗುರುತು ಹಿಡಿಯಬಹುದು. ಉದ್ದ ಇರುತ್ತದೆ. ಗುಡುಗು ಬಂದರೆ ಮಂಚದ ಕೆಳಗೆ ಹೋಗುತ್ತಾನೆ, ಹೊರಗೆ ಎಳೆಯಬೇಡಿ, ಎಡಗಿವಿ ಮುಟ್ಟಿದರೆ ಆಗುವುದಿಲ್ಲ, ರಾತ್ರಿ ಒಂದು ಸಲ ಎದ್ದು ನೀವು ಇದ್ದೀರಾ ಅಂತ ನೋಡಿ ಹೋಗುತ್ತಾನೆ, ಹೀಗೆ. ಸೋಫಾ ಪಂಗಡದವರದು ಚಿಕ್ಕದು. ನಾಲ್ಕು ಪದ, ಎಂಟು ಹಾರ್ಟ್.

ಸರಿ, ಬರೆದೆ. ಕೇಳಬೇಕಾದ್ದನ್ನೆಲ್ಲ ಕೇಳಿ, ಇದ್ದದ್ದು ಇದ್ದ ಹಾಗೆ. "ಬ್ರೂನೋ, ಗಂಡು, 5 ವರ್ಷ. ಸಂತಾನಹರಣ ಆಪರೇಷನ್ ಆಗಿಲ್ಲ. ರೇಬೀಸ್ ಲಸಿಕೆ ಬಾಕಿ. ಬೆಲ್ಟ್ ಹಿಡಿದರೆ ಎಳೆಯುತ್ತಾನೆ, ಯಾಕೆಂದರೆ ಎಳೆಯದೆ ನಡೆಯುವುದನ್ನು ಯಾರೂ ಕಲಿಸಿಲ್ಲ. 3 ತಿಂಗಳಿಂದ ಬಾಲ್ಕನಿಯಲ್ಲಿ ವಾಸ. ಜನ ಅಂದರೆ ಪ್ರಾಣ."

ಅವರು ಓದಿದರು. ಮುಖ ಸೋಫಾ ಮೇಲೆ ಕೂದಲು ಕಂಡ ಹಾಗಾಯಿತು.

"ಇಷ್ಟೆಲ್ಲ ಯಾಕೆ ಸಾರ್? 'ವೆರಿ ಫ್ರೆಂಡ್ಲಿ, ಫುಲ್ಲಿ ವ್ಯಾಕ್ಸಿನೇಟೆಡ್' ಅಂತ ಹಾಕಿ, ಸಾಕು."

"ಲಸಿಕೆ ಆಗಿದ್ಯಾ?"

"ಮರಿ ಇದ್ದಾಗ ಆಗಿತ್ತಲ್ಲ."

ಮರಿಯಲ್ಲಿ ಹಾಕಿದ್ದು ಮರಿಗೆ ಸಾರ್. ರೇಬೀಸ್ ಲಸಿಕೆ 3 ತಿಂಗಳಿಗೆ ಶುರು, ವರ್ಷ ತುಂಬಿದ ಮೇಲೆ ಇನ್ನೊಂದು, ಆಮೇಲೆ ಲಸಿಕೆ ಯಾವುದು ಅನ್ನುವುದರ ಮೇಲೆ ವರ್ಷಕ್ಕೊಮ್ಮೆಯೋ 3 ವರ್ಷಕ್ಕೊಮ್ಮೆಯೋ. ಕಾರಿನ ಸರ್ವೀಸ್ ತಾರೀಕು ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ, ಆದರೆ ನಾಯಿಯ ಲಸಿಕೆ ಕಾರ್ಡ್ ಮಾತ್ರ ಪ್ರತಿ ಮನೆಯಲ್ಲೂ "ಎಲ್ಲೋ ಇತ್ತು".

"ಮುಖ್ಯವಾಗಿ 'ಒಳ್ಳೆ ಮನೆ ಬೇಕಾಗಿದೆ' ಅಂತ ದಪ್ಪ ಅಕ್ಷರದಲ್ಲಿ ಹಾಕಿ" ಅಂದರು.

"ಒಳ್ಳೆ ಮನೆ ಅಂದ್ರೆ ಹೇಗಿರಬೇಕು?"

ಅವರ ಹತ್ತಿರ ಪಟ್ಟಿ ತಯಾರಿತ್ತು. ಓಡಾಡಲು ಅಂಗಳ ಇರಬೇಕು. ಹಗಲು ಮನೆಯಲ್ಲಿ ಯಾರಾದರೂ ಇರಲೇಬೇಕು, ಅವನಿಗೆ ಒಂಟಿಯಾಗಿ ಇದ್ದರೆ ಆಗುವುದಿಲ್ಲ. ಕಟ್ಟಿ ಹಾಕಬಾರದು, ಬಾಲ್ಕನಿಯಲ್ಲಿ ಬಿಡಬಾರದು. ದಿನಕ್ಕೆ 2 ಸಲ ವಾಕಿಂಗ್ ಕಡ್ಡಾಯ.

"ನೀವು ದಿನಕ್ಕೆ ಎಷ್ಟು ಸಲ?"

"ನಮಗೆಲ್ಲಿ ಟೈಮ್ ಸಾರ್, ಅದಕ್ಕೇ ತಾನೇ ಕೊಡ್ತಿರೋದು!"

ಒಳ್ಳೆ ಮನೆ ಅಂದರೇನು ಅಂತ ಇಷ್ಟು ಸ್ಪಷ್ಟವಾಗಿ ಗೊತ್ತಿರುವವರನ್ನು ನಾನು ನೋಡಿಲ್ಲ. ಸುಮ್ನೆ ಆ ಪಟ್ಟಿಯನ್ನು ಅವರ ಮನೆಗೇ ಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಈ ಪ್ರಕಟಣೆಗಳ ಭಾಷೆಯಲ್ಲಿ ಒಳ್ಳೆ ಮನೆಗೆ ಅರ್ಥ ಒಂದೇ. ನಮ್ಮದಲ್ಲದ ಮನೆ.

ಬ್ರೂನೋ ಇವರ ಮನೆಗೆ ಬಂದದ್ದು 2020ರಲ್ಲಿ. ನೆನಪಿದೆ ಅಲ್ವಾ, ಲೋಕಕ್ಕೆ ಲೋಕವೇ ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂತಿತ್ತು, ಎಷ್ಟೋ ದೇಶಗಳಲ್ಲಿ ನಾಯಿಮರಿಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. 24 ಗಂಟೆಯೂ ಮನೆಮಂದಿಯೆಲ್ಲ ಎದುರಿಗೇ ಇರುವುದು ಮನುಷ್ಯರ ಸಹಜ ಪದ್ಧತಿ ಅಂತ ಆ ಮರಿಗಳು ನಂಬಿದವು. ಆಮೇಲೆ ಆಫೀಸು ತೆರೆಯಿತು. ಅದರ ಸುತ್ತೋಲೆ ನಾಯಿಗಳಿಗೆ ಯಾರೂ ಕಳಿಸಲಿಲ್ಲ. ಬಾಗಿಲು ಮುಚ್ಚಿದ ತಕ್ಷಣ ಅವು ಬೊಗಳಿದವು, ಬಾಗಿಲು ಕೆರೆದವು, ದಿಂಬು ಹರಿದವು. "ಇದ್ದಕ್ಕಿದ್ದ ಹಾಗೆ ಕೆಟ್ಟುಹೋಯ್ತು ಸಾರ್" ಅಂದರು ಮನೆಯವರು, ಹಾಲಿನ ವಿಷಯ ಹೇಳುವ ಹಾಗೆ.

ಬ್ರೂನೋನದಾದರೂ ವಾಸಿ, ಲ್ಯಾಬ್ರಡಾರ್. ಇನ್ನು ಹಸ್ಕಿ ತರುವವರಿದ್ದಾರೆ. ಸೈಬೀರಿಯಾದ ಹಿಮದಲ್ಲಿ ಮೈಲುಗಟ್ಟಲೆ ಜಾರುಬಂಡಿ ಎಳೆಯಲಿ ಅಂತ ಬೆಳೆಸಿದ ತಳಿ. ಅದನ್ನು ತಂದು ಎರಡು ಕೋಣೆಯ ಮನೆಯಲ್ಲಿ ಇಟ್ಟು, ಆರು ತಿಂಗಳ ಮೇಲೆ "ತುಂಬಾ ಎನರ್ಜಿ, ಕೂದಲು ಉದುರುತ್ತೆ" ಅಂತ ಕೊಡಲು ಹೊರಡುತ್ತಾರೆ. ಬಾರ್ಡರ್ ಕೋಲಿ ಕುರಿ ಕಾಯುವ ನಾಯಿ. ಕುರಿ ಇಲ್ಲದ ಮನೆಯಲ್ಲಿ ಮಕ್ಕಳನ್ನೇ ಅಟ್ಟಿಸಿ ಒಂದು ಮೂಲೆಗೆ ಸೇರಿಸಿದರೆ ಅದರ ತಪ್ಪೇನು, ಡ್ಯೂಟಿ ಮಾಡಿದೆ. ಯಾಕೆ ತಂದಿರಿ ಅಂತ ಕೇಳಿ ನೋಡಿ. "ಕಣ್ಣು ನೀಲಿ ಇತ್ತು" ಅನ್ನುತ್ತಾರೆ.

ಮರಿಗೆ 28 ಹಾಲುಹಲ್ಲು ಇರುತ್ತವೆ. 6-7 ತಿಂಗಳೊಳಗೆ ಅವೆಲ್ಲ ಬಿದ್ದು 42 ಹೊಸ ಹಲ್ಲು ಬರುತ್ತವೆ. ಆ ಅವಧಿಯಲ್ಲಿ ಅದು ಕಚ್ಚದ ವಸ್ತು ಇಲ್ಲ. ಇದು ಗುಟ್ಟೇನಲ್ಲ, ಯಾವ ಪಶುವೈದ್ಯರನ್ನು ಕೇಳಿದರೂ ಹೇಳುತ್ತಾರೆ. ಆದರೂ ಮೊದಲ ಚಪ್ಪಲಿ ಹೋದ ದಿನ ಮನೆಮಂದಿಗೆ ಅದು ವಿಶ್ವಾಸಘಾತ.

ಇರಲಿ. ಅವರಿಗೆ ಬೇಕಾದ ಹಾಗೆಯೇ ಪೋಸ್ಟ್ ಹೋಯಿತು. ಬಂದ ಕಣ್ಣೀರು ನೋಡಬೇಕಿತ್ತು. "ಅಯ್ಯೋ ಕಂದ." "ಹೇಗೆ ಮನಸ್ಸು ಬರುತ್ತೋ." "ನಾನೇ ತಗೋತಿದ್ದೆ, ಆದರೆ." ಆ "ಆದರೆ" ಮುಂದೆ ಬಗೆಬಗೆಯ ವಾಕ್ಯ. ಒಬ್ಬರು "ಇನ್ನೂ ಇದ್ಯಾ?" ಅಂತ ಕೇಳಿ, ಇದೆ ಅಂದ ತಕ್ಷಣ ಭೂಮಿಯೊಳಗೆ ಇಳಿದುಹೋದರು. ಒಬ್ಬರಿಗೆ ಪಗ್ ಬೇಕಿತ್ತು. ಇಬ್ಬರು ಮಾತ್ರ ನಿಜವಾಗಿ ಫೋನ್ ಮಾಡಿದರು, ಮರಿ ಹಾಕಿಸುವ ವ್ಯಾಪಾರಕ್ಕೆ. ಆಪರೇಷನ್ ಆಗದ, ಪುಕ್ಕಟೆ ಸಿಗುವ ಲ್ಯಾಬ್ರಡಾರ್ ಅಂದರೆ ಅವರಿಗೆ ಹಬ್ಬ. ಸ್ವರ್ಗದ ಬಾಗಿಲಲ್ಲಿ ನಾಯಿಯನ್ನು ಬಿಟ್ಟು ಬಾ ಅಂದಾಗ ಧರ್ಮರಾಯ ಒಪ್ಪಲಿಲ್ಲವಂತೆ. ಈಗಿನವರಾಗಿದ್ದರೆ "ಒಂದ್ನಿಮಿಷ ದೇವೇಂದ್ರ, ಗ್ರೂಪಿಗೆ ಹಾಕಿಬಿಡ್ತೀನಿ" ಅಂದಿರುತ್ತಿದ್ದರು.

ನಾನೂ ಪೋಸ್ಟ್ ಹಂಚಿಕೊಂಡೆ. ಇಲ್ಲಿಯವರೆಗೆ ಇಂಥ ಎಷ್ಟೋ ನಾಯಿಗಳನ್ನು ಹಂಚಿಕೊಂಡಿದ್ದೇನೆ. ಒಂದನ್ನೂ ಇಟ್ಟುಕೊಂಡಿಲ್ಲ. ನನ್ನ "ಆದರೆ" ಏನು ಅಂತ ನೀವು ಕೇಳಬೇಡಿ.

ಕೊನೆಗೆ ನನಗೆ ಗೊತ್ತಿರುವ ಒಬ್ಬ ಹೆಂಗಸಿಗೆ ಫೋನ್ ಮಾಡಿದೆ. ಬೀದಿಯಲ್ಲಿ ಸಿಕ್ಕ ಮರಿಗಳನ್ನು ತಂದು, ಜಂತುಹುಳಕ್ಕೆ ಔಷಧಿ ಕೊಟ್ಟು, ಲಸಿಕೆ ಹಾಕಿಸಿ, ಮನೆ ಹುಡುಕುವವರು. ಅವರ ಮನೆಯಲ್ಲಿ ಆಗ 3 ಮರಿ ಇದ್ದವು. ಎರಡು ಕಂದು, ಒಂದು ಕಡುಗಪ್ಪು. ಕಪ್ಪು ಮರಿಯ ಫೋಟೋ ತೆಗೆದರೆ ಎರಡು ಕಣ್ಣು, ಒಂದು ನಾಲಿಗೆ, ಉಳಿದದ್ದು ಕತ್ತಲೆ. ಬಂದವರೆಲ್ಲ ಕಂದು ಬಣ್ಣದ್ದನ್ನೇ ಎತ್ತಿಕೊಳ್ಳುತ್ತಾರಂತೆ. ಅದಕ್ಕೂ ಮೊದಲು ಕೇಳುವ ಪ್ರಶ್ನೆ, "ಯಾವ ಬ್ರೀಡ್?"

"ನಾಯಿ ಬ್ರೀಡ್ ಅಂದ್ರೆ ಎದ್ದು ಹೋಗ್ತಾರೆ. ಅದಕ್ಕೇ ಕಿವಿ ಜೋತುಬಿದ್ದಿದ್ರೆ ಲ್ಯಾಬ್ ಮಿಕ್ಸ್ ಅಂತೀನಿ, ಮೂತಿ ಕಪ್ಪಗಿದ್ರೆ ಶೆಫರ್ಡ್ ಮಿಕ್ಸ್" ಅಂದರು. ನಾಯಿಗೆ ಮನೆ ಸಿಗಬೇಕಾದರೆ ಅದರ ತಾತನ ಮೇಲೆ ಒಂದು ಅಪವಾದ ಹೊರಿಸಲೇಬೇಕು ಅನ್ನುವ ಸ್ಥಿತಿ. ಈ ಲೆಕ್ಕದಲ್ಲಿ ಯಾವನೋ ಒಬ್ಬ ಲ್ಯಾಬ್ರಡಾರ್ ಬೀದಿಬೀದಿಯಲ್ಲೂ ಸಂಸಾರ ಹೂಡಿರಬೇಕು. ಆಮೇಲಿನ ಪ್ರಶ್ನೆ, "ಗಂಡೇ ತಾನೇ?" ಹೆಣ್ಣಾದರೆ ಸುಮಾರು 6 ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಒಂದು ಸಲ ಗಬ್ಬ ಆದರೆ 63 ದಿನಕ್ಕೆ ಮನೆತುಂಬ ಮರಿ ಅನ್ನುವ ಭಯ. ಒಂದು ಆಪರೇಷನ್‌ನಲ್ಲಿ ಮುಗಿಯುವ ವಿಷಯ. ಆದರೆ ಹೆಣ್ಣುಮರಿಯನ್ನು ಬೀದಿಗೆ ಬಿಡಲು ಆಗುವಷ್ಟು ಸುಲಭವಾಗಿ ಆಪರೇಷನ್ ಮಾಡಿಸಲು ಆಗುವುದಿಲ್ಲ ಜನಕ್ಕೆ.

ಇವರದೂ ಒಂದು ಅತಿರೇಕ ಇದೆ ಅನ್ನಿ. ನಾಯಿ ಬೇಕು ಅಂದವರಿಗೆ 4 ಪುಟದ ಫಾರಂ. ಮನೆಯಲ್ಲಿ ಎಷ್ಟು ಜನ, ಬಾಲ್ಕನಿಗೆ ಜಾಲರಿ ಇದೆಯಾ, ನೀವು ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ, 10 ವರ್ಷದ ನಂತರ ನೀವು ಏನಾಗಿರುತ್ತೀರಿ. ನನಗೆ ಕೆಲಸ ಕೊಡುವಾಗಲೂ ಇಷ್ಟು ಕೇಳಿರಲಿಲ್ಲ. ಆಮೇಲೆ ಮನೆ ನೋಡಲು ಖುದ್ದಾಗಿ ಬರುತ್ತಾರೆ, ಹೆಣ್ಣು ಕೊಡುವವರ ಗತ್ತಿನಲ್ಲಿ. ಯಾಕೆ ಇಷ್ಟು ಬಿಗಿ ಅಂದರೆ ಅವರ ಹತ್ತಿರ ಕಥೆಗಳಿವೆ. ಭಾನುವಾರ ತಗೊಂಡು ಹೋಗಿ ಮಂಗಳವಾರ ವಾಪಸ್ ತಂದವರ ಕಥೆ. "ನಮ್ಮ ಜೊತೆ ಹೊಂದಿಕೊಳ್ಳಲಿಲ್ಲ." ರೆಸ್ಕ್ಯೂ ಮಾಡುವವರಲ್ಲಿ 3-3-3 ಅಂತ ಒಂದು ಅಂದಾಜಿನ ಲೆಕ್ಕ ಇದೆ. ಹೊಸ ಮನೆಯಲ್ಲಿ ಹೆದರಿಕೆ ಇಳಿಯಲು 3 ದಿನ, ದಿನಚರಿ ತಿಳಿಯಲು 3 ವಾರ, ಇದು ನನ್ನ ಮನೆ ಅನ್ನಿಸಲು 3 ತಿಂಗಳು. ನಮ್ಮ ಜನ ಮೊದಲ 3ರಲ್ಲೇ ಫಲಿತಾಂಶ ಪ್ರಕಟಿಸಿಬಿಡುತ್ತಾರೆ.

ಮನೆ ಸಿಗುವವರೆಗೆ ತಾತ್ಕಾಲಿಕವಾಗಿ ಇಟ್ಟುಕೊಳ್ಳುವವರಿಗೆ ಫಾಸ್ಟರ್ ಅನ್ನುತ್ತಾರೆ. ಅವರು ಮನಸ್ಸು ತಡೆಯದೆ ತಾವೇ ಇಟ್ಟುಕೊಂಡರೆ ಅದಕ್ಕೆ ಹೆಸರು "ಫಾಸ್ಟರ್ ಫೇಲ್". ಮಾತು ಕೊಟ್ಟ ಹಾಗೆ ಸಾಕದೆ ಬಿಟ್ಟವರಿಗೆ ಯಾರೂ ಫೇಲ್ ಅನ್ನುವುದಿಲ್ಲ, "ಪರಿಸ್ಥಿತಿ" ಅನ್ನುತ್ತಾರೆ.

ಪರಿಸ್ಥಿತಿ ಅಂದಾಗ ನೆನಪಾಯಿತು. ಜರ್ಮನಿಯ ಬಾನ್ ಹತ್ತಿರ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಕಲ್ಲುಗಣಿ ಕೆಲಸಗಾರರಿಗೆ ಒಂದು ಹಳೇ ಸಮಾಧಿ ಸಿಕ್ಕಿತು. ಸುಮಾರು 14,000 ವರ್ಷ ಹಿಂದಿನದು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ನಾಯಿಮರಿ. ಹಲ್ಲು ಪರೀಕ್ಷೆ ಮಾಡಿದ ಸಂಶೋಧಕರು 2018ರಲ್ಲಿ ಹೇಳಿದ್ದು, ಆ ಮರಿಗೆ ಡಿಸ್ಟೆಂಪರ್ ಅನ್ನುವ, ನಾಯಿಗಳ ಪ್ರಾಣಕ್ಕೇ ಕುತ್ತು ತರುವ ಕಾಯಿಲೆ ಬಂದಿತ್ತು, ಮನುಷ್ಯರ ಆರೈಕೆ ಇಲ್ಲದಿದ್ದರೆ ವಾರಗಟ್ಟಲೆ ಬದುಕುವುದು ಕಷ್ಟವಿತ್ತು ಅಂತ. ಹಿಮಯುಗ, ಬೇಟೆಯಾಡಿದರೆ ಊಟ, ಇಲ್ಲದಿದ್ದರೆ ಇಲ್ಲ. ಕೆಲಸಕ್ಕೆ ಬಾರದ, ವಾಂತಿ ಮಾಡುವ ಮರಿಯನ್ನು ಇಟ್ಟುಕೊಂಡು ಒರೆಸುತ್ತಾ ಕೂತಿದ್ದರು. ಸೋಫಾ ಇರಲಿಲ್ಲ, ಅದೊಂದು ಅನುಕೂಲ.

ಬ್ರೂನೋಗೆ ಮನೆ ಸಿಕ್ಕಿತು, ಪೋಸ್ಟ್‌ನಿಂದ ಅಲ್ಲ. ಮರಿ ನೋಡಲು ಬಂದಿದ್ದ, ಕೆಲಸದಿಂದ ನಿವೃತ್ತರಾದ ಒಬ್ಬ ಹೆಂಗಸು "ಮರಿ ಬೇಡಪ್ಪ, ಅದರ ಹಿಂದೆ ಓಡೋಕೆ ಆಗಲ್ಲ, ದೊಡ್ಡದು ಇದ್ರೆ ಹೇಳಿ" ಅಂದರಂತೆ. 4 ಪುಟವನ್ನೂ ತುಂಬಿದರು. ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ ಅನ್ನುವ ಜಾಗದಲ್ಲಿ "ನಾನು ಎಲ್ಲೂ ಹೋಗುವುದಿಲ್ಲ" ಅಂತ ಬರೆದಿದ್ದರು. ಬ್ರೂನೋನ ಮನೆಗೆ ಬಂದು ಅರ್ಧ ಗಂಟೆ ಪ್ರಶ್ನೆ ಕೇಳಿದರು. ನಮ್ಮ ಪರಿಚಯದವರಿಗೆ ಸಿಟ್ಟು. ನನ್ನನ್ನು ಪಕ್ಕಕ್ಕೆ ಕರೆದು, "ನಾಯಿ ಕೊಡೋರು ನಾವು, ನಮ್ಮನ್ನೇ ಇಂಟರ್‌ವ್ಯೂ ಮಾಡ್ತಾರಲ್ಲ ಸಾರ್" ಅಂದರು.

ಬ್ರೂನೋನ ಆಸ್ತಿ ಒಂದು ಕೈಚೀಲದಲ್ಲಿತ್ತು. ಹಳೇ ಹೊದಿಕೆ, ಅರ್ಧ ಕಚ್ಚಿದ ಚೆಂಡು, ಬಾಚಣಿಗೆ, ಒಂದು ಸ್ಟೀಲ್ ಬಟ್ಟಲು. ಲಸಿಕೆ ಕಾರ್ಡ್ ಎಲ್ಲೋ ಇತ್ತು. ಆಕೆ ಅವನಿಗೆ ಆ ಬಟ್ಟಲಿನಲ್ಲೇ ನೀರು ಕುಡಿಸಿ, ಕಾರಿನ ಹಿಂದಿನ ಸೀಟಿನಲ್ಲಿ ಹೊದಿಕೆ ಹಾಸಿ ಹತ್ತಿಸಿದರು. ಮನೆಯವರೆಲ್ಲ ಗೇಟಿನ ಹತ್ತಿರ ನಿಂತು ವಿಡಿಯೋ ಮಾಡಿದರು, ಕಣ್ಣು ಒರೆಸಿಕೊಂಡರು. ಕಾರು ಸ್ಟಾರ್ಟ್ ಆಯಿತು.

"ಮೇಡಂ, ಒಂದ್ನಿಮಿಷ!" ಪರಿಚಯದವರು ಓಡಿಹೋಗಿ ಕಿಟಕಿ ತಟ್ಟಿದರು. "ಆ ಬಟ್ಟಲು... ಬೇಜಾರು ಮಾಡ್ಕೋಬೇಡಿ, 6ರ ಸೆಟ್ ಅದು. ಒಂದು ಹೋದ್ರೆ ಸೆಟ್ಟೇ ಹಾಳಾಗುತ್ತೆ."

ಆಕೆ ಬಟ್ಟಲಲ್ಲಿ ಉಳಿದಿದ್ದ ನೀರನ್ನು ಕಿಟಕಿಯಿಂದ ಚೆಲ್ಲಿ, ಒರೆಸಿ, ಅವರ ಕೈಗೆ ಕೊಟ್ಟರು.