ಟಿಎಂಪಿಎಫ್‌ಎಸ್ ಇದ್ದರೂ ಸ್ವಾಪ್ ಬೇಕೇ ಬೇಕು

"ಟೆಂಪ್ ಫೋಲ್ಡರನ್ನು ರ್‍ಯಾಮ್‌ಗೆ ಹಾಕಿದ ಮೇಲೆ ಸ್ವಾಪ್ ತೆಗೆದುಬಿಡಿ" ಅಂತ ನಿಮ್ಮ ಲಿನಕ್ಸ್ ಲೇಖನದಲ್ಲಿ ಬರೆದಿದ್ದೀರಲ್ಲ ಸರ್, ಇದೊಂದನ್ನು ನಾನು ಒಪ್ಪುವುದಿಲ್ಲ. ಸ್ವಾಪ್ ಅಂದರೆ ರ್‍ಯಾಮ್ ಸಾಲದಾದಾಗ ಬಳಸುವ ಡಿಸ್ಕಿನ ಜಾಗ. ಟಿಎಂಪಿಎಫ್‌ಎಸ್‌ಗೆ (ಫೈಲುಗಳನ್ನು ರ್‍ಯಾಮ್‌ನಲ್ಲೇ ಇಡುವ ವ್ಯವಸ್ಥೆಗೆ) ಸೈಜ್ ಕೊಡದಿದ್ದರೆ ಅದು ರ್‍ಯಾಮ್‌ನ ಅರ್ಧದವರೆಗೂ ಬೆಳೆಯಬಹುದು. ಗದಗದ ನಮ್ಮ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ 4 ಜಿಬಿಯ ಹಳೇ ಲಿನಕ್ಸ್ ಕಂಪ್ಯೂಟರ್ ಇದೆ, ಮದುವೆ ಸೀಸನ್‌ನಲ್ಲಿ ದೊಡ್ಡ ದೊಡ್ಡ ಪಿಡಿಎಫ್ ತೆರೆದಾಗ ಈ ತಾತ್ಕಾಲಿಕ ಫೈಲುಗಳೇ 2 ಜಿಬಿ ತಿಂದರೆ ಉಳಿದ ಕೆಲಸಕ್ಕೆ ಜಾಗ ಎಲ್ಲಿ? ಸ್ವಾಪ್ ಇದ್ದರೆ ಸದ್ಯಕ್ಕೆ ಬೇಡವಾದದ್ದನ್ನು ಕರ್ನೆಲ್ (ಲಿನಕ್ಸಿನ ತಿರುಳು ಭಾಗ) ಡಿಸ್ಕಿಗೆ ದೂಡುತ್ತದೆ. ಇಲ್ಲದಿದ್ದರೆ ಅವು ರ್‍ಯಾಮ್‌ನಲ್ಲೇ ಕೂತಿರುತ್ತವೆ, ಜಾಗ ಪೂರ್ತಿ ಮುಗಿದಾಗ ಕರ್ನೆಲ್ ಯಾವುದಾದರೊಂದು ಪ್ರೋಗ್ರಾಮನ್ನೇ ಬಂದ್ ಮಾಡುತ್ತದೆ, ಸೇವ್ ಮಾಡದ ಕೆಲಸವೆಲ್ಲ ಹೋಗುತ್ತದೆ. ರ್‍ಯಾಮ್‌ಎಫ್‌ಎಸ್ (ರ್‍ಯಾಮ್‌ನಲ್ಲೇ ಫೈಲು ಇಡುವ ಇನ್ನೊಂದು ವ್ಯವಸ್ಥೆ) ಆದರೆ ಮಾತು ಬೇರೆ, ಅದು ಸ್ವಾಪಿಗೆ ಹೋಗುವುದೇ ಇಲ್ಲ. ಎಫ್‌ಎಸ್‌ಟ್ಯಾಬ್‌ನಲ್ಲಿ (ಡಿಸ್ಕ್, ಫೋಲ್ಡರುಗಳ ಸೆಟ್ಟಿಂಗ್ ಫೈಲ್) ಟಿಎಂಪಿಎಫ್‌ಎಸ್‌ಗೆ 1 ಜಿಬಿ ಮಿತಿ ಹಾಕಿ, ಜೊತೆಗೊಂದು ಸ್ವಾಪ್ ಫೈಲ್ ಇಡಿ ಅಂತ ಬರೆಯಬೇಕಿತ್ತು.

ವಾರ್ ಫೋಲ್ಡರ್ ಒಳಗಿನ ಟೆಂಪನ್ನೂ (/var/tmp) ರ್‍ಯಾಮ್‌ಗೆ ಹಾಕಿ ಅಂದಿದ್ದೀರಿ. ದಯವಿಟ್ಟು ಆ ಸಾಲು ತೆಗೆಯಿರಿ. ರೀಬೂಟ್ ಆದ ಮೇಲೂ ಉಳಿಯಬೇಕಾದ ಫೈಲುಗಳಿಗೇ ಆ ಜಾಗ ಇರುವುದು, ನಮ್ಮ ಕಡೆ ಮಳೆ ಗಾಳಿಗೆ ಕರೆಂಟ್ ಹೋಗೋದು ಮಾಮೂಲಿ ಅಲ್ವಾ, ರ್‍ಯಾಮ್‌ನಲ್ಲಿದ್ದರೆ ಆಗ ಅವೆಲ್ಲ ಅಳಿಸಿಹೋಗುತ್ತವೆ, ಹೊಸಬರು ಇದನ್ನು ಓದಿ ಹಾಗೇ ಮಾಡಿಬಿಡುತ್ತಾರೆ.