ಕಪ್ಪು-ಬಿಳುಪಿನ ಕೆಂಪು ಕೂದಲು

ತಲೆಗೆ ಮೆಹಂದಿ ಮೆತ್ತಿಕೊಂಡವರು ಯಾವ ಕೆಲಸಕ್ಕೂ ಬಾರದವರು. ಬಗ್ಗಿದರೆ ಹಣೆಗೆ ಇಳಿಯುತ್ತದೆ, ಒರಗಿದರೆ ಸೋಫಾಗೆ ಅಂಟುತ್ತದೆ. ಹಾಗಾಗಿ ತಿಂಗಳಿಗೊಂದು ಭಾನುವಾರ ನಾನು ತಲೆಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತು, ಫೋನಿನಲ್ಲಿ ‘ಐ ಲವ್ ಲೂಸಿ’ ನೋಡುತ್ತೇನೆ.

ಅಮೆರಿಕದಲ್ಲಿ ಈ ಟಿವಿ ಹಾಸ್ಯ ಧಾರಾವಾಹಿ ಶುರುವಾಗಿದ್ದು 1951ರಲ್ಲಿ. ಆರು ವರ್ಷ ಓಡಿತು, 180 ಕಂತು. ಇದರಲ್ಲಿ ಲೂಸಿಯ ಪಾತ್ರ ಮಾಡಿದ ಲುಸಿಲ್ ಬಾಲ್ ಹೆಸರೆತ್ತಿದರೆ ಅಲ್ಲಿನವರು ಮೊದಲು ಹೇಳುವುದು ಅವಳ ಕೆಂಪು ಕೂದಲಿನ ವಿಷಯ. ಆದರೆ ಧಾರಾವಾಹಿ ಪೂರ್ತಿ ಕಪ್ಪು-ಬಿಳುಪು! ಕಾಣದ ಬಣ್ಣಕ್ಕೆ ಇಷ್ಟು ಹೆಸರು ಹೇಗೆ ಬಂತು ಅಂತ ಮೆಹಂದಿ ಒಣಗುವವರೆಗೂ ಯೋಚಿಸಬಹುದು.

ಆ ಕೆಂಪು ಹುಟ್ಟಿನಿಂದ ಬಂದದ್ದೂ ಅಲ್ಲ. ಲುಸಿಲ್ 1911ರಲ್ಲಿ ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ ಹುಟ್ಟಿದಾಗ ಕಂದು ಕೂದಲಿನ ಮಗು. ಮೂರು ವರ್ಷದವಳಿದ್ದಾಗ ಅಪ್ಪ ಟೈಫಾಯ್ಡಿಗೆ ಹೋದರು. ಹದಿಹರೆಯದಲ್ಲಿ ನಾಟಕ ಶಾಲೆಗೆ ಸೇರಿದರೆ, ಇವಳಿಂದ ಆಗಲ್ಲ ಅಂತ ವಾಪಸ್ ಕಳಿಸಿದರು. ಆಮೇಲೆ ಮಾಡೆಲಿಂಗ್, ಆಮೇಲೆ ಆರ್‌ಕೆಓ ಸ್ಟುಡಿಯೋದಲ್ಲಿ ಚಿಕ್ಕಪುಟ್ಟ ಪಾತ್ರ. ಅಷ್ಟರಲ್ಲಿ ಕೂದಲು ಹೊಂಬಣ್ಣಕ್ಕೆ ತಿರುಗಿತ್ತು. 1940ರ ದಶಕದಲ್ಲಿ ಎಂಜಿಎಂ ಸ್ಟುಡಿಯೋಗೆ ಹೋದಾಗ ಅವರು ಕೆಂಪು ಮಾಡಿದರು. ಅದೇ ಉಳಿಯಿತು, ಮುಂದೆ ಮೆಹಂದಿ ಹಾಕಿಯೇ ಆ ಬಣ್ಣ ಕಾಪಾಡಿಕೊಂಡಳಂತೆ. ಇದನ್ನು ಓದಿದ ದಿನದಿಂದ ನನಗೆ ಅವಳು ಸ್ವಲ್ಪ ನಮ್ಮ ಕಡೆಯವಳೇ.

ಇಷ್ಟೆಲ್ಲಾ ಬಣ್ಣ ಬಳಿದುಕೊಂಡವಳು ಹೆಸರು ಮಾಡಿದ್ದು ಎಲ್ಲಿಂದ? ರೇಡಿಯೋ ಹಾಸ್ಯ ಧಾರಾವಾಹಿಯಿಂದ. ಅಲ್ಲಿ ಕೂದಲೇ ಕಾಣಲ್ಲ!

ಆ ರೇಡಿಯೋ ಕಾರ್ಯಕ್ರಮವನ್ನು ಟಿವಿಗೆ ತರೋಣ ಅಂತ ಸಿಬಿಎಸ್ ಚಾನೆಲ್‌ನವರು ಕೇಳಿದಾಗ ಅವಳದು ಒಂದೇ ಹಟ: ಗಂಡನ ಪಾತ್ರಕ್ಕೆ ನನ್ನ ಗಂಡನೇ ಬೇಕು. ಗಂಡ ಡೆಸಿ ಅರ್ನಾಜ್ ಕ್ಯೂಬಾದವನು, ಬ್ಯಾಂಡ್ ನಡೆಸುತ್ತಿದ್ದ, ಇಂಗ್ಲಿಷ್ ಉಚ್ಚಾರ ಬೇರೆ ಥರ. ಇವನು ಅಮೆರಿಕದ ಹೆಂಗಸಿನ ಗಂಡ ಅಂದರೆ ಜನ ನಂಬಲ್ಲ ಅಂತ ಚಾನೆಲ್‌ನವರ ಅನುಮಾನ. ಆ ಹೊತ್ತಿಗೆ ಅವರ ಮದುವೆಯಾಗಿ ಹತ್ತು ವರ್ಷ! ಕೊನೆಗೆ ಗಂಡ-ಹೆಂಡತಿ ಊರೂರು ತಿರುಗಿ, ವೇದಿಕೆ ಮೇಲೆ ಜನರನ್ನು ನಗಿಸಿ, ನಾವು ಗಂಡ-ಹೆಂಡತಿ ಅಂತ ಸಾಬೀತು ಮಾಡಬೇಕಾಯಿತು.

ಜಗಳ ಅಲ್ಲಿಗೇ ಮುಗಿಯಲಿಲ್ಲ. ಚಾನೆಲ್‌ಗೆ ನ್ಯೂಯಾರ್ಕಿನಿಂದ ನೇರ ಪ್ರಸಾರ ಬೇಕು. ಇವರಿಗೆ ಹಾಲಿವುಡ್ ಬಿಡಲು ಮನಸ್ಸಿಲ್ಲ. ಸಿನಿಮಾ ರೀಲಿನಲ್ಲೇ ತೆಗೆಯೋಣ ಅಂದರು, ಖರ್ಚು ಜಾಸ್ತಿ ಅಂತ ಉತ್ತರ ಬಂತು. ನಮ್ಮ ಸಂಬಳ ಕಡಿಮೆ ಮಾಡಿ, ರೀಲು ನಮಗೇ ಇರಲಿ ಅಂದರು. ಚಾನೆಲ್‌ನವರು ಸರಿ ಅಂದುಬಿಟ್ಟರು! ಒಮ್ಮೆ ತೋರಿಸಿದ ಕಂತನ್ನು ಮತ್ತೆ ಯಾರು ನೋಡ್ತಾರೆ ಅಂತ ಆಗಿನ ಲೆಕ್ಕ. ಆ ರೀಲುಗಳೇ ಮುಂದೆ ಅವರಿಗೆ ಬಂಗಾರವಾದವು. ಮುನ್ನೂರು ಜನರನ್ನು ಎದುರಿಗೆ ಕೂರಿಸಿಕೊಂಡು, ಮೂರು ಕ್ಯಾಮೆರಾಗಳಲ್ಲಿ ಒಟ್ಟಿಗೆ ತೆಗೆಯುತ್ತಿದ್ದರು. ಹಾಗಾಗಿ ಕೇಳುವ ನಗು ನಿಜವಾದ ನಗು. ಕಿವಿಗೊಟ್ಟು ಕೇಳಿದರೆ, ಲೂಸಿ ಎಡವಟ್ಟು ಮಾಡಿಕೊಳ್ಳುವ ಮುಂಚೆಯೇ ಪ್ರೇಕ್ಷಕರ ಮಧ್ಯೆ ಒಂದು ಹೆಣ್ಣುದನಿ ‘ಅಯ್ಯಯ್ಯೋ’ ಅನ್ನುವ ಧಾಟಿಯಲ್ಲಿ ಏಳುತ್ತದೆ. ಅದು ಲುಸಿಲ್‌ಳ ಅಮ್ಮ. ಮಗಳ ಶೂಟಿಂಗ್ ತಪ್ಪಿಸುತ್ತಲೇ ಇರಲಿಲ್ಲವಂತೆ.

ನಾನು ಮತ್ತೆ ಮತ್ತೆ ನೋಡುವುದು 1952ರ ಚಾಕಲೇಟ್ ಕಾರ್ಖಾನೆ ಕಂತು. ಲೂಸಿ, ಪಕ್ಕದಲ್ಲಿ ಗೆಳತಿ ಎತೆಲ್ ಆಗಿ ವಿವಿಯನ್ ವಾನ್ಸ್. ಬೆಲ್ಟಿನ ಮೇಲೆ ಚಾಕಲೇಟ್ ಬರುತ್ತದೆ, ಕಾಗದ ಸುತ್ತಿ ಬಿಡಬೇಕು. ಒಂದೂ ಹಾಗೇ ಹೋಗಬಾರದು, ಹೋದರೆ ಕೆಲಸ ಹೋಯಿತು. ಮೊದಲು ಒಂದೊಂದೇ ಬರುತ್ತದೆ, ಇಬ್ಬರೂ ನಗುನಗುತ್ತಾ ಸುತ್ತುತ್ತಾರೆ. ಆಮೇಲೆ ಬೆಲ್ಟು ಓಡತೊಡಗುತ್ತದೆ. ಸುತ್ತಲಾಗದ್ದು ಬಾಯಿಗೆ, ಟೋಪಿಯೊಳಗೆ, ರವಿಕೆಯೊಳಗೆ. ಮೇಲ್ವಿಚಾರಕಿ ಬಂದಾಗ ಇಬ್ಬರ ಕೆನ್ನೆಯೂ ಪೂರಿ ಹಾಗೆ ಉಬ್ಬಿದೆ, ಬೆಲ್ಟು ಮಾತ್ರ ಖಾಲಿ. ಅವಳಿಗೆ ಖುಷಿಯೋ ಖುಷಿ. ಇನ್ನೂ ಸ್ವಲ್ಪ ಜೋರಾಗಿ ಬಿಡಿ ಅಂತ ಒಳಗೆ ಕೂಗುತ್ತಾಳೆ. ಆಗ ಲೂಸಿಯ ಕಣ್ಣು ನೋಡಬೇಕು. ಬಾಯಿ ತುಂಬಿದೆ, ಮಾತಿಲ್ಲ, ಬರೀ ಕಣ್ಣು. ಆಫೀಸಿನಲ್ಲಿ ಒಂದು ಕೆಲಸ ಬೇಗ ಮುಗಿಸಿ ಇನ್ನೆರಡು ಹೇರಿಸಿಕೊಂಡವರಿಗೆಲ್ಲ ಆ ಕಣ್ಣು ಗೊತ್ತು. ಸುಮ್ನೆ ಬಂದ ಎಡವಟ್ಟಲ್ಲ ಅದು. ಯಾವ ವಸ್ತು ಎಲ್ಲಿರುತ್ತದೆ, ಕೈ ಎಲ್ಲಿ ಜಾರಬೇಕು ಅಂತ ಮತ್ತೆ ಮತ್ತೆ ಅಭ್ಯಾಸ ಮಾಡುವವಳು ಅವಳು.

ಮಗು ಹುಟ್ಟಿದ ಕಥೆ ಗೊತ್ತಿರಬಹುದು. 1953ರ ಜನವರಿ 19ರ ಬೆಳಗ್ಗೆ ಲುಸಿಲ್‌ಗೆ ಆಪರೇಷನ್ ಆಗಿ ಗಂಡುಮಗು, ರಾತ್ರಿ ಟಿವಿಯಲ್ಲಿ ಲೂಸಿಗೂ ಗಂಡುಮಗು. ನೋಡಿದವರು ಸುಮಾರು 4 ಕೋಟಿ 40 ಲಕ್ಷ. ಮಾರನೆಯ ದಿನ ಐಸೆನ್‌ಹೋವರ್ ಅಧ್ಯಕ್ಷರಾಗಿ ಪ್ರಮಾಣ ಮಾಡಿದ್ದನ್ನು ಅಷ್ಟು ಜನ ನೋಡಲಿಲ್ಲ. ಬಸುರಿ ಅನ್ನುವ ಪದವನ್ನು ಮಾತ್ರ ಯಾರೂ ಆಡುವಂತಿರಲಿಲ್ಲ!

ಅದೇ ವರ್ಷ ಕೆಂಪು ಇನ್ನೊಂದು ರೀತಿಯಲ್ಲಿ ಕಾಡಿತು. 1936ರಲ್ಲಿ ತಾತನ ಮನಸ್ಸು ನೋಯಿಸಬಾರದು ಅಂತ ಕಮ್ಯುನಿಸ್ಟ್ ಪಕ್ಷದ ಮತದಾರಳಾಗಿ ಹೆಸರು ಬರೆಸಿದ್ದಳು. ಕಮ್ಯುನಿಸ್ಟ್ ಅಂದರೆ ಸಾಕು, ಕಲಾವಿದರ ಅನ್ನ ಹೋಗುತ್ತಿದ್ದ ಕಾಲ. ಡೆಸಿ ಶೂಟಿಂಗ್‌ಗೆ ಮುಂಚೆ ಪ್ರೇಕ್ಷಕರ ಎದುರು ನಿಂತು, ಲೂಸಿಯಲ್ಲಿ ಕೆಂಪಗಿರೋದು ಕೂದಲೊಂದೇ, ಅದೂ ಅಸಲಿಯಲ್ಲ ಅಂದ. ಜನ ನಕ್ಕರು. ಗಂಡ ಊರ ಮುಂದೆ ಬಣ್ಣ ಬಯಲು ಮಾಡಿದ್ದರಿಂದ ಹೆಂಡತಿ ಉಳಿದದ್ದು ಅದೊಂದೇ ಸಲ ಇರಬೇಕು.

ಆ ಮದುವೆ 1960ರಲ್ಲಿ ಮುರಿಯಿತು. ಅಷ್ಟರಲ್ಲಿ ಅವರ ಕಂಪನಿ ಡೆಸಿಲು, ಅವಳು ಚಿಕ್ಕ ಪಾತ್ರ ಮಾಡುತ್ತಿದ್ದ ಅದೇ ಆರ್‌ಕೆಓ ಸ್ಟುಡಿಯೋವನ್ನು ಕೊಂಡಿತ್ತು. 1962ರಲ್ಲಿ ಡೆಸಿಯ ಪಾಲನ್ನೂ ತಾನೇ ಕೊಂಡು ಯಜಮಾನಿಯಾದಳು. ಬಾಹ್ಯಾಕಾಶದ ಧಾರಾವಾಹಿ ‘ಸ್ಟಾರ್ ಟ್ರೆಕ್’ ಹುಟ್ಟಿದ್ದು ಅವಳ ಸ್ಟುಡಿಯೋದಲ್ಲೇ.

ಈಚೆಗೆ ಕೆಲವು ಕಂತುಗಳಿಗೆ ಬಣ್ಣ ತುಂಬಿದ್ದಾರೆ. ಹೋದ ಭಾನುವಾರ ಅದನ್ನು ಹಾಕಿದೆ. ಕೂದಲು ಕೆಂಪಗೇ ಇದೆ. ಆದರೆ ನಾನು ಅಂದುಕೊಂಡಿದ್ದ ಕೆಂಪಲ್ಲ. ಇದಕ್ಕಿಂತ ಗಾಢ ಇರಬೇಕಿತ್ತು ಅಂತ, ನೋಡೇ ಇಲ್ಲದ ಕೂದಲಿನ ಪರವಾಗಿ ಫೋನಿನ ಜೊತೆ ವಾದ ಮಾಡುತ್ತಾ ಕೂತೆ. ಎರಡು ಗಂಟೆಗೆ ತೊಳೆಯಬೇಕಿದ್ದ ಮೆಹಂದಿ ನಾಲ್ಕು ಗಂಟೆ ಆಯಿತು.

ತೊಳೆದುಕೊಂಡು ಬಂದು ತಂಗಿಗೆ ವಿಡಿಯೋ ಕಾಲ್ ಮಾಡಿದೆ. ಹೇಗಿದೆ ಬಣ್ಣ ಅಂದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, “ಏನೂ ಕಾಣ್ತಿಲ್ಲ ಕಣೇ, ಲೈಟ್ ಹಾಕು” ಅಂದಳು.