ಭೂಶಾಖ ಬಾವಿ ಕೊರೆತದ ನಷ್ಟ ಹೊರುವವರು ಯಾರು?

ಭೂಶಾಖ ವಿದ್ಯುತ್ತಿಗೆ (ನೆಲದಾಳದ ಬಿಸಿ ಉಗಿಯಿಂದ ತಯಾರಿಸುವ ವಿದ್ಯುತ್ತು) ಭಾರಿ ಬಂಡವಾಳವೇ ಮುಖ್ಯ ತೊಡಕು ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ. ನನ್ನ ದೃಷ್ಟಿಯಲ್ಲಿ, ಬಂಡವಾಳದ ಗಾತ್ರಕ್ಕಿಂತ ಅದನ್ನು ಯಾವ ಹಂತದಲ್ಲಿ ಹೂಡಬೇಕಾಗುತ್ತದೆ ಎಂಬುದು ದೊಡ್ಡ ಸಮಸ್ಯೆ. ಎರಡು ಮೂರು ಕಿಲೋಮೀಟರ್ ಆಳಕ್ಕೆ ಕೊರೆದು ಮುಗಿಸುವವರೆಗೆ ಬಾವಿಯಲ್ಲಿ ಸಾಕಷ್ಟು ಉಗಿ ಸಿಗುತ್ತದೆಯೇ ಎಂಬುದು ಖಚಿತವಾಗುವುದಿಲ್ಲ. ಅಲ್ಲಿಯವರೆಗೆ ಬ್ಯಾಂಕುಗಳು ಸಾಲ ನೀಡಲು ಹಿಂಜರಿಯುತ್ತವೆ. ಕೀನ್ಯಾ 2008ರಲ್ಲಿ ಸರ್ಕಾರಿ ಸ್ವಾಮ್ಯದ ಜಿಯೋಥರ್ಮಲ್ ಡೆವಲಪ್‌ಮೆಂಟ್ ಕಂಪನಿಯನ್ನು ಸ್ಥಾಪಿಸಿ ಈ ಅಪಾಯವನ್ನು ತಾನೇ ಹೊತ್ತುಕೊಂಡಿತು. ಆದರೂ ಆ ದೇಶದ ಮೆನೆಂಗಾಯಿ ಭೂಶಾಖ ಕ್ಷೇತ್ರದಲ್ಲಿ ಯೋಜಿಸಿದ್ದ ತಲಾ 35 ಮೆಗಾವಾಟ್‌ನ ಮೂರು ಖಾಸಗಿ ಸ್ಥಾವರಗಳ ಪೈಕಿ ಮೊದಲನೆಯದು ವಿದ್ಯುತ್ ಕೊಡುವ ಹೊತ್ತಿಗೆ 2023 ಬಂದಿತ್ತು. ವಿದ್ಯುತ್ ಕೊಳ್ಳುವ ಸಂಸ್ಥೆ ಒಂದೇ ಆಗಿದ್ದು, ಅದರ ಹಣಕಾಸು ಸ್ಥಿತಿಯೂ ದುರ್ಬಲವಾಗಿದ್ದರೆ, ಉಗಿ ಕೈಗೆ ಬಂದ ಮೇಲೂ ಸಾಲದಾತರು ಸರ್ಕಾರದ ಭರವಸೆ ಕೇಳುತ್ತಾರೆ. ಇನ್ನು ಸೌರ ವಿದ್ಯುತ್ತಿನೊಂದಿಗೆ ಯೂನಿಟ್ ದರವನ್ನಷ್ಟೇ ಹೋಲಿಸುವುದು (ಲೇಖನವೂ ಅದನ್ನೇ ಮಾಡಿದೆ) ಹಗಲಿರುಳೂ ಸಿಗುವ ಸ್ಥಿರ ಪೂರೈಕೆಗೆ ಬೆಲೆಯೇ ಇಲ್ಲವೆಂದಂತೆ.